ಹೆಸರೇ ಹೊರೆಯಾದ ಪಂದ್ಯಾವಳಿ

ಪ್ರತಿವರ್ಷವೂ ಮೇ ತಿಂಗಳು ಕೊನೆಗೊಳ್ಳುವ ಹೊತ್ತಿಗೆ ಪ್ಯಾರಿಸ್ಸಿನ ರೋಲ್ಯಾಂಡ್ ಗ್ಯಾರೋಸ್ ಕ್ರೀಡಾಂಗಣದಲ್ಲಿ ಮೊದಲಾಗುವ ಫ್ರೆಂಚ್ ಓಪನ್ ಟೆನಿಸ್ಸನ್ನು ದೂರದರ್ಶನದಲ್ಲಿ ಕಾಣುವವರಿಗೆ ಆಟಕ್ಕಿಂತ ಮೊದಲು ಕಣ್ಣಿಗೆ ಬೀಳತಕ್ಕದ್ದು ಆ ನೆಲದ ಕೆಂಪು. ಚೆಂಡನ್ನು ಹಿಡಿಯಲೋಡಿದ ಆಟಗಾರನು ಕಾಲನ್ನು ಮಾರುದ್ದ ಜಾರಿಸಿ ನಿಂತಾಗ ಧೂಳೆದ್ದು ಅವನ ಬಿಳಿಯ ಕಾಲುಚೀಲವು ಕಾವಿಯ ಬಣ್ಣಕ್ಕೆ ತಿರುಗುತ್ತದೆ. ಚೆಂಡು ಗೆರೆಯ ಒಳಗೆ ಬಿದ್ದಿತೋ ಹೊರಗೆ ಬಿದ್ದಿತೋ ಎಂಬ ತಕರಾರು ಹುಟ್ಟಿದರೆ ತೀರ್ಪುಗಾರನು ತನ್ನ ಎತ್ತರದ ಪೀಠದಿಂದ ಇಳಿದು ಬಂದು, ಬಗ್ಗಿ, ಚೆಂಡು ಮಣ್ಣಿನಲ್ಲಿ ಒತ್ತಿಹೋದ ಗುರುತನ್ನು ಬೆರಳಿಟ್ಟು ತೋರಿಸುತ್ತಾನೆ. ಈ ವೈಭವವನ್ನು ನೋಡಿದವರು, ಫ್ರೆಂಚ್ ಓಪನ್ ಹೊರನಾಡಿನವರಿಗೆ ಬಾಗಿಲು ತೆರೆಯುವುದಕ್ಕೆ ಹದಿಮೂರು ವರ್ಷ ಮುಂಚಿತವಾಗಿಯೇ, ಅದೇ ಪ್ಯಾರಿಸ್ಸಿನ ಮಗ್ಗುಲಲ್ಲಿ, ಅಂಥದೇ ಮಣ್ಣಿನ ಮೇಲೆ, ನಾನಾ ರಾಷ್ಟ್ರಗಳ ಆಟಗಾರರನ್ನು ಬರಮಾಡಿಕೊಂಡು ನಡೆದು, ಏಳೇ ಸಲ ಆಡಲ್ಪಟ್ಟು, ಹೇಳಹೆಸರಿಲ್ಲದಂತೆ ನಿಂತುಹೋದ ಮತ್ತೊಂದು ಪಂದ್ಯಾವಳಿ ಇತ್ತೆಂಬುದನ್ನು ಸಾಮಾನ್ಯವಾಗಿ ಅರಿಯರು.

ಅದರ ಹೆಸರು ವರ್ಲ್ಡ್ ಹಾರ್ಡ್ ಕೋರ್ಟ್ ಚಾಂಪಿಯನ್‌ಷಿಪ್. ಇಂದಿನ ಓದುಗನನ್ನು ಈ ಹೆಸರು ದಾರಿ ತಪ್ಪಿಸುವುದುಂಟು. ನಮ್ಮ ಕಾಲದಲ್ಲಿ ‘ಹಾರ್ಡ್ ಕೋರ್ಟ್’ ಎಂದರೆ ಸಿಮೆಂಟಿನ ಹಾಸಿನ ಮೇಲೆ ಬಣ್ಣ ಬಳಿದ ಅಂಗಣ. ಆ ಕಾಲದಲ್ಲಾದರೋ ಹುಲ್ಲಿನದಲ್ಲದ, ಮೇಲೆ ಮಾಡಿಲ್ಲದ ಅಂಗಣವೆಲ್ಲವೂ ‘ಹಾರ್ಡ್’ ಎನಿಸಿಕೊಳ್ಳುತ್ತಿತ್ತು. ಹುಲ್ಲೇ ಸಹಜವಾದ ನೆಲ, ಮಿಕ್ಕದ್ದೆಲ್ಲ ಅದಕ್ಕೆ ಬದಲಿ ಎಂಬ ಆಂಗ್ಲರ ಅಭಿಮಾನ ಆ ಮಾತಿನೊಳಗೆ ಅಡಗಿದೆ. ಹುಲ್ಲು ಬೇಸಗೆಯ ಬಿಸಿಲಿಗೆ ಬಾಡುವ ಯೂರೋಪಿನ ದಕ್ಷಿಣಭಾಗದಲ್ಲಿ, ಸುಟ್ಟ ಮಣ್ಣಿನ ಪುಡಿಯನ್ನು ನೆಲಕ್ಕೆ ಹರವುವ ಪದ್ಧತಿಯನ್ನು 1880ರ ಸುಮಾರಿಗೆ ಆಂಗ್ಲ ಆಟಗಾರರಾದ ರೆನ್‌ಷಾ ಸಹೋದರರು ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಆರಂಭಿಸಿದರೆಂದೂ, ಅದಕ್ಕೆ ಬೇಕಾದ ಪುಡಿಯು ಸಮೀಪದ ವಲೊರಿಸ್ ಎಂಬ ಕುಂಬಾರರ ಊರಿನ ಒಡೆದ ಮಡಕೆಗಳಿಂದ ಬಂದಿತೆಂದೂ ಒಂದು ಪ್ರತೀತಿಯಿದೆ. ಕಥೆ ನಿಜವೋ ಅಲ್ಲವೋ, ಕಟ್ಟಡದ ಕ್ರಮವಂತೂ ಈಗಲೂ ಅದೇ ಜಾಡಿನದು: ಕೆಳಗೆ ಜಲ್ಲಿ, ಅದರ ಮೇಲೆ ಕಿಟ್ಟ, ಅದರ ಮೇಲೆ ಸುಣ್ಣಕಲ್ಲಿನ ಪುಡಿಯ ದಪ್ಪ ಪದರ, ಎಲ್ಲಕ್ಕೂ ಮೇಲೆ ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಇಟ್ಟಿಗೆಯ ಹುಡಿ. ಕೆಂಪೆಂದು ನಾವು ಕೊಂಡಾಡುವುದು ಈ ತೆಳ್ಳನೆಯ ಲೇಪವನ್ನೇ ಹೊರತು ನೆಲವನ್ನಲ್ಲ. ಆದರೂ ಆ ಲೇಪದ ಪ್ರಭಾವ ಸಣ್ಣದಲ್ಲ: ಚೆಂಡು ಅದನ್ನು ತಾಕಿದೊಡನೆ ವೇಗವನ್ನು ಕಳೆದುಕೊಂಡು ಎತ್ತರಕ್ಕೆ ಪುಟಿಯುತ್ತದೆ, ಎದುರಾಳಿಗೆ ಓಡಿ ಬರಲು ಅವಕಾಶ ದೊರೆಯುತ್ತದೆ, ಒಂದೇ ಹೊಡೆತದಲ್ಲಿ ಮುಗಿಯಬೇಕಾದದ್ದು ಇಪ್ಪತ್ತು ಹೊಡೆತಗಳವರೆಗೆ ಬೆಳೆಯುತ್ತದೆ. ಬಲಕ್ಕಿಂತ ತಾಳ್ಮೆಗೆ ಇಲ್ಲಿ ಬೆಲೆ ಹೆಚ್ಚು.

ಫ್ರಾನ್ಸಿನವರಿಗೆ 1891ರಿಂದಲೇ ತಮ್ಮದೊಂದು ರಾಷ್ಟ್ರೀಯ ಪಂದ್ಯಾವಳಿ ಇದ್ದಿತಾದರೂ ಅದರಲ್ಲಿ ಫ್ರೆಂಚ್ ಕ್ಲಬ್ಬುಗಳ ಸದಸ್ಯರಿಗೆ ಮಾತ್ರವೇ ಪ್ರವೇಶವಿದ್ದುದರಿಂದ ಅದು ಮನೆಯೊಳಗಿನ ಹಬ್ಬದಂತಿತ್ತು. ಇಡೀ ಟೆನಿಸ್ ಜಗತ್ತನ್ನು ಒಂದು ಸೂರಿನಡಿ ತರತಕ್ಕ ಅಂತರರಾಷ್ಟ್ರೀಯ ಒಕ್ಕೂಟವೊಂದು ಬೇಕೆಂದು ಆಗ ಹೊಳೆದದ್ದು ಸ್ವಿಟ್ಜರ್ಲೆಂಡಿನಲ್ಲಿ ನೆಲಸಿದ್ದ ಡ್ಯುಏನ್ ವಿಲಿಯಮ್ಸ್ ಎಂಬ ಅಮೆರಿಕದ ವಕೀಲನಿಗೆ. 1912ರ ಏಪ್ರಿಲ್ ತಿಂಗಳಲ್ಲಿ ಆತನು ಮಗನೊಡನೆ ಸ್ವದೇಶಕ್ಕೆ ಹೊರಟದ್ದು ಟೈಟಾನಿಕ್ ಹಡಗಿನಲ್ಲಿ. ತಂದೆ ಸಮುದ್ರದ ಪಾಲಾದನು. ಹಿಮದಂಥ ನೀರಿನಲ್ಲಿ ಗಂಟೆಗಟ್ಟಲೆ ನಿಂತು ಮರಗಟ್ಟಿದ್ದ ಮಗನ ಕಾಲುಗಳನ್ನು ಕತ್ತರಿಸಿಬಿಡುವುದು ಲೇಸೆಂದು ರಕ್ಷಣೆಗೆ ಬಂದ ಹಡಗಿನ ವೈದ್ಯನು ಹೇಳಿದಾಗ ಆ ತರುಣನು ಒಪ್ಪದೆ, ನೋವನ್ನು ನುಂಗಿಕೊಂಡು ನಡೆನಡೆದೇ ಅವುಗಳನ್ನು ಉಳಿಸಿಕೊಂಡನು. ಅವೇ ಕಾಲುಗಳಿಂದ 1914ರಲ್ಲಿಯೂ 1916ರಲ್ಲಿಯೂ ಅಮೆರಿಕದ ಚಾಂಪಿಯನ್ ಪದವಿಯನ್ನು ಗೆದ್ದ ರಿಚರ್ಡ್ ನಾರಿಸ್ ವಿಲಿಯಮ್ಸ್ ಅವನೇ. ಟೈಟಾನಿಕ್ ಮುಳುಗಿ ಎರಡು ತಿಂಗಳು ತುಂಬುವ ಮೊದಲೇ, ಪ್ಯಾರಿಸ್ಸಿನ ಹೊರವಲಯದ ಸೇಂಟ್ ಕ್ಲೌಡಿನಲ್ಲಿದ್ದ ಸ್ಟಾಡ್ ಫ್ರಾಂಸೆ ಕ್ಲಬ್ಬಿನ ಮಣ್ಣಿನ ಅಂಗಣಗಳಲ್ಲಿ ವರ್ಲ್ಡ್ ಹಾರ್ಡ್ ಕೋರ್ಟಿನ ಮೊದಲ ಆಟಗಳು ಜರುಗಿದವು. ಪುರುಷರ ಫೈನಲ್ ಇಬ್ಬರು ಜರ್ಮನರ ನಡುವೆ ನಡೆದು, ಆಟೋ ಫ್ರಾಯ್ಟ್ಸ್‌ಹೈಮನು ಆಸ್ಕರ್ ಕ್ರೂಟ್ಸರನನ್ನು ಸೋಲಿಸಿದನು; ಮಹಿಳೆಯರ ಪದವಿ ಫ್ರಾನ್ಸಿನ ಮಾರ್ಗರೀತ್ ಬ್ರೋಕೆದಿಗೆ ಸಂದಿತು.

ಮರುವರ್ಷ, ಎಂದರೆ 1913ರ ಮಾರ್ಚ್ 1ರಂದು, ಪ್ಯಾರಿಸ್ಸಿನಲ್ಲಿ ಹನ್ನೆರಡು ರಾಷ್ಟ್ರಗಳ ಸಂಸ್ಥೆಗಳು ಕೂಡಿ ಅಂತರರಾಷ್ಟ್ರೀಯ ಲಾನ್ ಟೆನಿಸ್ ಒಕ್ಕೂಟವನ್ನು ಸ್ಥಾಪಿಸಿದವು. ಒಕ್ಕೂಟವು ಮೂರು ಜಾಗತಿಕ ಪದವಿಗಳನ್ನು ನಿರ್ಮಿಸಿ ಹಂಚಿತು: ಹುಲ್ಲಿನ ಮೇಲಣ ಪದವಿ ವಿಂಬಲ್ಡನ್ನಿಗೆ, ಮಣ್ಣಿನ ಮೇಲಣದ್ದು ಪ್ಯಾರಿಸ್ಸಿನ ಈ ಪಂದ್ಯಾವಳಿಗೆ, ಮಾಡಿನ ಕೆಳಗಣದ್ದು ಮತ್ತೊಂದಕ್ಕೆ. ಆ ವರ್ಷವೇ ಮೂರನ್ನೂ ಒಬ್ಬನೇ ಗೆದ್ದುಕೊಂಡನು.

ಆತನು ನ್ಯೂಜಿಲೆಂಡಿನ ಆಂಥೊನಿ ವೈಲ್ಡಿಂಗ್. ಮೋಟಾರ್ ಸೈಕಲ್ಲೇರಿ ಯೂರೋಪಿನ ದಾರಿಗಳಲ್ಲಿ ಸಾವಿರಾರು ಮೈಲಿ ಸಂಚರಿಸಿ, ಒಂದು ಊರಿನ ಪಂದ್ಯ ಮುಗಿದೊಡನೆ ಮತ್ತೊಂದು ಊರಿಗೆ ಹೋಗುತ್ತಿದ್ದ ಈ ಆಜಾನುಬಾಹುವಿಗೆ ದೇಹದಾರ್ಢ್ಯವೊಂದು ವ್ರತವೇ ಆಗಿತ್ತು. ಮಣ್ಣಿನ ದೀರ್ಘಾಟವು ಇಂಥವನಿಗೆ ಒಗ್ಗಿದ್ದರಲ್ಲಿ ಸೋಜಿಗವಿಲ್ಲ. 1913ರಲ್ಲಿ ಫ್ರಾನ್ಸಿನ ಆಂದ್ರೆ ಗೊಬೇರನನ್ನೂ, 1914ರಲ್ಲಿ ಆಸ್ಟ್ರಿಯಾದ ಕೌಂಟ್ ಸಾಲ್ಮ್‌ನನ್ನೂ ಸೇಂಟ್ ಕ್ಲೌಡಿನಲ್ಲಿ ಸೋಲಿಸಿ ಪದವಿಯನ್ನು ಆತನು ಎರಡು ಸಲ ಪಡೆದನು.

ಆ 1914ರ ಕೂಟದಲ್ಲಿ ಜನ ಬಾಯಿಬಿಟ್ಟು ನೋಡಿದ್ದು ಅವನನ್ನಲ್ಲ, ಹದಿನೈದು ತುಂಬಿ ಕೆಲವೇ ದಿನಗಳಾಗಿದ್ದ ಒಬ್ಬ ಹುಡುಗಿಯನ್ನು. ಸುಜಾನ್ ಲಾಂಗ್ಲೆನ್ನಳಿಗೆ ಆಟ ಕಲಿಸಿದವನು ಅವಳ ತಂದೆ. ಅಂಗಣದ ಮೂಲೆಮೂಲೆಗೆ ಕರವಸ್ತ್ರವನ್ನು ಹಾಸಿ, ಚೆಂಡು ಅದರ ಮೇಲೆಯೇ ಬೀಳಬೇಕೆಂದು ಮಗಳನ್ನು ಪಳಗಿಸಿದನಂತೆ. ಆ ವರ್ಷ ಫ್ರಾನ್ಸಿನ ಮನೆಯ ಪಂದ್ಯಾವಳಿಯ ಫೈನಲಿನಲ್ಲಿ ಬ್ರೋಕೆದಿಯ ಎದುರು ಸೋತ ಈ ಬಾಲೆ, ಜಗತ್ತಿನ ಪಂದ್ಯಾವಳಿಯ ಫೈನಲಿನಲ್ಲಿ ಜೆರ್ಮೇನ್ ಗೋಲ್ಡಿಂಗಳನ್ನು ಸೋಲಿಸಿ ಗೆದ್ದುಬಿಟ್ಟಳು. ಅಷ್ಟು ಎಳೆಯ ವಯಸ್ಸಿನಲ್ಲಿ ಅಂಥ ಸಿಂಗಲ್ಸ್ ಪದವಿಯನ್ನು ಇನ್ನಾರೂ ಪಡೆದುದಿಲ್ಲ.

ಆ ಜೂನ್ ತಿಂಗಳು ಮುಗಿಯುವುದರೊಳಗೆ ಸರಯೇವೋದಲ್ಲಿ ಗುಂಡು ಹಾರಿತು, ಅದರ ಬೆನ್ನಿಗೇ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಡೇವಿಸ್ ಕಪ್ ಆಡಲು ಅಮೆರಿಕಕ್ಕೆ ಹೋಗಿದ್ದ ಫ್ರಾಯ್ಟ್ಸ್‌ಹೈಮನೂ ಕ್ರೂಟ್ಸರನೂ ಹಿಂದಿರುಗುವ ದಾರಿಯಲ್ಲಿ ಜಿಬ್ರಾಲ್ಟರಿನ ಬಳಿ ಆಂಗ್ಲರ ಸೆರೆಯಾದರು. ಸೈನ್ಯವನ್ನು ಸೇರಿದ ವೈಲ್ಡಿಂಗನು 1915ರ ಮೇ 9ರಂದು, ಮೂವತ್ತೊಂದನೆಯ ವಯಸ್ಸಿನಲ್ಲಿ, ಉತ್ತರ ಫ್ರಾನ್ಸಿನ ರಣರಂಗದಲ್ಲಿ ಫಿರಂಗಿಯ ಗುಂಡಿಗೆ ಬಲಿಯಾದನು.

ಆರು ವರ್ಷಗಳ ತರುವಾಯ, 1920ರಲ್ಲಿ, ಪಂದ್ಯಾವಳಿ ಪುನಃ ಕಣ್ತೆರೆಯಿತು. ಸೋತ ಜರ್ಮನರಿಗೆ ಪ್ರವೇಶವಿರಲಿಲ್ಲ. ಹೆಸರಿನಲ್ಲಿ ಲೋಕವೆಲ್ಲ ಇದ್ದರೂ ಅಂಗಣದಲ್ಲಿ ಗೆದ್ದವರ ಲೋಕ ಮಾತ್ರವಿತ್ತು. ಆ ವರ್ಷ ಗೆದ್ದವನು ಫ್ರಾನ್ಸಿನ ವಿಲಿಯಂ ಲೊರೆಂಟ್ಸ್. ಮರುವರ್ಷ ಅಮೆರಿಕದ ಬಿಲ್ ಟಿಲ್ಡನ್ ಹಡಗು ಹತ್ತಿ ಬಂದು ಗೆದ್ದನು. ಸುಜಾನಳು ಅಮೆರಿಕದ ಮೊಲಾ ಮ್ಯಾಲರಿಯನ್ನು ಸೋಲಿಸಿದಳು. ಅದೇ ವರ್ಷ ಇವರಿಬ್ಬರೂ ನ್ಯೂಯಾರ್ಕಿನಲ್ಲಿ ಎದುರಾದಾಗ ಮೊದಲ ಸೆಟ್ಟನ್ನು ಕಳೆದುಕೊಂಡ ಸುಜಾನಳು ಕೆಮ್ಮುತ್ತ ಅಳುತ್ತ ಅಂಗಣವನ್ನು ಬಿಟ್ಟು ನಡೆದದ್ದು ದೊಡ್ಡ ಸುದ್ದಿಯಾಯಿತು. ಸೇಂಟ್ ಕ್ಲೌಡಿನ ಸೋಲಿಗೆ ಮ್ಯಾಲರಿ ಬಡ್ಡಿಸಹಿತ ತೀರಿಸಿಕೊಂಡಿದ್ದಳು. 1922ರಲ್ಲಿ ಪಂದ್ಯಾವಳಿ ಒಂದೇ ಒಂದು ಸಲ ಊರು ಬದಲಿಸಿ ಬ್ರಸೆಲ್ಸ್ ನಗರಕ್ಕೆ ಹೋಯಿತು. ಅಲ್ಲಿ ಆಂರಿ ಕೋಶೆ ಎಂಬ ಫ್ರೆಂಚ್ ತರುಣನು ಗೆದ್ದನು. 1923ರಲ್ಲಿ ಅಮೆರಿಕದ ಬಿಲ್ ಜಾನ್ಸ್ಟನ್ ಗೆದ್ದನು. ಮಹಿಳೆಯರಲ್ಲಿ ಈ ಎರಡು ವರ್ಷವೂ ಸುಜಾನಳದೇ ಜಯ. ಅಲ್ಲಿಗೆ ಮುಗಿಯಿತು.

ಜನ ಬರಲಿಲ್ಲವೆಂದೋ ಹಣ ಸಾಲಲಿಲ್ಲವೆಂದೋ ಮುಗಿದುದಲ್ಲ. ಮುಗಿಸಿದ್ದು ‘ವರ್ಲ್ಡ್’ ಎಂಬ ಒಂದು ಶಬ್ದ. ವಿಂಬಲ್ಡನ್ನಿಗೆ ಜಗತ್ತಿನ ಪದವಿಯನ್ನು ಶಾಶ್ವತವಾಗಿ ಬರೆದುಕೊಟ್ಟದ್ದು ಅಮೆರಿಕದವರಿಗೆ ಹತ್ತು ವರ್ಷಗಳಿಂದ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ತಮ್ಮ ಪಂದ್ಯಾವಳಿ ಯಾರದಕ್ಕೂ ಕಡಮೆಯಲ್ಲವೆಂದು ಬಗೆದಿದ್ದ ಅವರು ಒಕ್ಕೂಟದ ಹೊಸ್ತಿಲನ್ನೇ ತುಳಿದಿರಲಿಲ್ಲ. ಅವರಿಲ್ಲದ ಒಕ್ಕೂಟವೋ ವರನಿಲ್ಲದ ದಿಬ್ಬಣದಂತಿತ್ತು. ಕಡೆಗೆ 1923ರಲ್ಲಿ ಅವರು ಸೇರಲೊಪ್ಪಿದಾಗ ಎರಡು ಷರತ್ತುಗಳಿದ್ದವು: ಜಾಗತಿಕ ಎಂಬ ಬಿರುದುಗಳೆಲ್ಲವನ್ನೂ ಕಿತ್ತುಹಾಕಬೇಕು, ಆಟದ ನಿಯಮಗಳು ಎಂದೆಂದಿಗೂ ಇಂಗ್ಲಿಷ್ ಭಾಷೆಯಲ್ಲಿಯೇ ಇರಬೇಕು. ಎರಡೂ ನಡೆದವು. ವಿಂಬಲ್ಡನ್ ಬಿರುದನ್ನು ಕಳಚಿಟ್ಟು ವಿಂಬಲ್ಡನ್ನಾಗಿಯೇ ಉಳಿಯಿತು, ಅದಕ್ಕೆ ಊರಿನ ಹೆಸರೇ ಸಾಕಾಗಿತ್ತು. ಸೇಂಟ್ ಕ್ಲೌಡಿನ ಪಂದ್ಯಾವಳಿಗೆ ಬಿರುದನ್ನು ಬಿಟ್ಟರೆ ಬೇರೆ ಹೆಸರೇ ಇರಲಿಲ್ಲವಾದ್ದರಿಂದ ಬಿರುದು ಹೋದೊಡನೆ ಅದೂ ಹೋಯಿತು. ಅದರ ಸ್ಥಾನದಲ್ಲಿ ಇಂಗ್ಲೆಂಡ್, ಫ್ರಾನ್ಸ್, ಅಮೆರಿಕ, ಆಸ್ಟ್ರೇಲಿಯಗಳ ರಾಷ್ಟ್ರೀಯ ಪಂದ್ಯಾವಳಿಗಳಿಗೆ ‘ಅಧಿಕೃತ ಚಾಂಪಿಯನ್‌ಷಿಪ್’ ಎಂಬ ಮನ್ನಣೆ ದೊರೆಯಿತು. ನಾವೀಗ ಗ್ರ್ಯಾಂಡ್ ಸ್ಲಾಮ್ ಎಂದು ಕರೆಯುವ ನಾಲ್ಕೂ ಅವೇ.

1924ರ ಬೇಸಗೆಯಲ್ಲಿ ಪ್ಯಾರಿಸ್ಸಿನಲ್ಲಿ ಒಲಿಂಪಿಕ್ಸ್ ನಡೆದು, ಆ ವರ್ಷದ ತೆರವನ್ನು ಅದರ ಟೆನಿಸ್ಸೇ ತುಂಬಿತು. 1925ರಲ್ಲಿ ಫ್ರೆಂಚರು ತಮ್ಮ ಮನೆಯ ಹಬ್ಬದ ಬಾಗಿಲನ್ನು ಪರದೇಶದವರಿಗೂ ತೆರೆದರು. ತೆರೆದದ್ದು ಮತ್ತೆಲ್ಲಿಯೂ ಅಲ್ಲ, ಅದೇ ಸೇಂಟ್ ಕ್ಲೌಡಿನ ಸ್ಟಾಡ್ ಫ್ರಾಂಸೆ ಕ್ಲಬ್ಬಿನಲ್ಲಿ. ಅದೇ ನೆಲ, ಅದೇ ಬಗೆಯ ಆಟಗಾರರು. ಗೆದ್ದವಳು ಅದೇ ಸುಜಾನ್. ರೋಲ್ಯಾಂಡ್ ಗ್ಯಾರೋಸ್ ಕಟ್ಟಲ್ಪಟ್ಟದ್ದು 1928ರಲ್ಲಿ. ಹೀಗಿರಲು, ಇಂದಿನ ಫ್ರೆಂಚ್ ಓಪನ್ ವರ್ಲ್ಡ್ ಹಾರ್ಡ್ ಕೋರ್ಟಿನ ನಿಜವಾದ ವಾರಸುದಾರನೆಂದರೆ ತಪ್ಪಾಗಲಾರದೆಂದು ನನ್ನ ಅಭಿಪ್ರಾಯ.

ಆದರೆ ಫ್ರೆಂಚ್ ಓಪನ್ನಿನ ವಿಜೇತರ ಪಟ್ಟಿಯನ್ನು ತೆರೆದು ನೋಡಿದರೆ ಅದು 1891ರ ಆ ಮನೆಯ ಹಬ್ಬದಿಂದಲೇ ಮೊದಲಾಗುತ್ತದೆ. ಪ್ಯಾರಿಸ್ಸಿನಲ್ಲಿ ವಾಸವಾಗಿದ್ದ ಎಚ್. ಬ್ರಿಗ್ಸ್ ಎಂಬ ಆಂಗ್ಲನೊಬ್ಬನ ಹೆಸರು ಅದರ ನೆತ್ತಿಯ ಮೇಲಿದೆ. ಎಲ್ಲ ದೇಶದವರನ್ನೂ ಎದುರಿಸಿ ಅದೇ ಊರಿನ ಮಗ್ಗುಲಲ್ಲಿ ಎರಡು ಸಲ ಗೆದ್ದು, ಅದೇ ದೇಶದ ಮಣ್ಣಿನಲ್ಲಿ ಮಲಗಿರುವ ವೈಲ್ಡಿಂಗನ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಇದು ನ್ಯಾಯವೆಂದು ನನಗೆ ತೋರದು.