ಸರೋವರದ ತಳದಿಂದ ಸಂಗ್ರಹಾಲಯಕ್ಕೆ: ಒಂದು ಡಾಂಟ್‌ಲೆಸ್ ಯುದ್ಧವಿಮಾನ

ಎತ್ತರದಿಂದ ಕಡಿದಾಗಿ ಎರಗಿ ಗುರಿಯ ಮೇಲೆ ಬಾಂಬ್ ಹಾಕುವ ವಿಮಾನವನ್ನು ಡೈವ್ ಬಾಂಬರ್ ಎಂದು ಕರೆಯಲಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕವು ಬಳಸಿದ ಡಾಂಟ್‌ಲೆಸ್ ಈ ವರ್ಗಕ್ಕೆ ಸೇರಿದುದಾಗಿದೆ. ಸುಮಾರು 5,900 ಡಾಂಟ್‌ಲೆಸ್ ವಿಮಾನಗಳು ನಿರ್ಮಾಣವಾದರೂ ಯುದ್ಧಾನಂತರ ಬಹುಪಾಲು ಗುಜರಿಗೆ ಸೇರಿದವು. ಇಂದು ಸಂಗ್ರಹಾಲಯಗಳಲ್ಲಿರುವ ಹಲವು ವಿಮಾನಗಳು ಉಳಿದಿರುವುದು ತರಬೇತಿಯ ವೇಳೆ ನೀರಿಗೆ ಬಿದ್ದುದರಿಂದಲೇ ಎಂಬುದು ಗಮನಾರ್ಹ.

ಫ್ಲಾರಿಡಾ ರಾಜ್ಯದ ಪೆನ್ಸಕೋಲಾದಲ್ಲಿರುವ ರಾಷ್ಟ್ರೀಯ ನೌಕಾ ವಾಯುಯಾನ ಸಂಗ್ರಹಾಲಯದ 2106 ಸಂಖ್ಯೆಯ ವಿಮಾನವು ಇದಕ್ಕೆ ನಿದರ್ಶನ. 1942ರ ಜೂನ್ 4ರಂದು ಮಿಡ್‌ವೇ ಕದನದಲ್ಲಿ ಜಪಾನಿನ ಹಿರ್ಯೂ ವಿಮಾನವಾಹಕ ನೌಕೆಯ ಮೇಲೆ ದಾಳಿ ನಡೆಸಿದ ಈ ವಿಮಾನವು ಇನ್ನೂರಕ್ಕೂ ಹೆಚ್ಚು ಗುಂಡಿನ ತೂತುಗಳೊಡನೆ, ಒಂದೇ ಚಕ್ರದ ಮೇಲೆ ಮರಳಿ ಇಳಿಯಿತು. ದುರಸ್ತಿಯ ನಂತರ ಇದನ್ನು ತರಬೇತಿಗೆ ನಿಯೋಜಿಸಲಾಯಿತು. 1943ರ ಜೂನ್‌ನಲ್ಲಿ ನೌಕೆಯ ಮೇಲೆ ಇಳಿಯುವ ಅಭ್ಯಾಸದ ವೇಳೆ ಮಿಷಿಗನ್ ಸರೋವರಕ್ಕೆ ಬಿದ್ದು ಮುಳುಗಿತು, ಚಾಲಕರು ಬದುಕುಳಿದರು.

ಸಮುದ್ರದ ಉಪ್ಪುನೀರು ಅಲ್ಯೂಮಿನಿಯಂ ಹೊದಿಕೆಯನ್ನು ಬೇಗನೆ ತಿಂದುಹಾಕುತ್ತದೆ. ಆದರೆ ಸರೋವರದ ತಣ್ಣನೆಯ ಸಿಹಿನೀರು ಸದರಿ ವಿಮಾನವನ್ನು ಐದು ದಶಕ ಕಾಪಾಡಿತು. 1994ರಲ್ಲಿ ಮೇಲೆತ್ತಿದಾಗ, ಮಿಡ್‌ವೇಯ ಗುಂಡೇಟುಗಳಿಗೆ ಹಾಕಿದ್ದ ತೇಪೆಗಳು ಅದರ ಮೈಮೇಲೆ ಹಾಗೆಯೇ ಉಳಿದಿದ್ದವು.