ಅಂಗೈ ಪರದೆಗೆ ಹೊಂದುವ ಕನ್ನಡ ಪುಟ



ಅಹಮದಾಬಾದಿಗೂ ಕನ್ನಡಕ್ಕೂ ಪರದೆಯ ನಂಟು ಇಂದು ನಿನ್ನೆಯದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಆಗ ಇಸ್ರೋದ ಅಹಮದಾಬಾದ್ ಭೂಕೇಂದ್ರದಿಂದ ಹೊರಟ ಕಾರ್ಯಕ್ರಮಗಳು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿದವು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು, ಅವರಿಗೆ ಕನ್ನಡದಲ್ಲೇ ಕಾರ್ಯಕ್ರಮ. ಊರಿಗೆಲ್ಲ ಒಂದು ಟಿವಿ, ಅದರ ಮುಂದೆ ಊರೆಲ್ಲ.

ಈಗ ಒಬ್ಬೊಬ್ಬರ ಅಂಗೈಯಲ್ಲೂ ಒಂದೊಂದು ಪರದೆ. ಅಹಮದಾಬಾದ್, ವಡೋದರ, ಸೂರತ್‌ಗಳಲ್ಲಿ ನೆಲೆಸಿದ ನಾವು ಊರಿನ ಸುದ್ದಿ, ಪಂಚಾಂಗ, ಸಂಘದ ಯುಗಾದಿ ಊಟದ ಸೂಚನೆ, ಎಲ್ಲವನ್ನೂ ಅಲ್ಲೇ ಓದುತ್ತೇವೆ. ಆದರೆ ಕೆಲವು ಕನ್ನಡ ಪುಟಗಳನ್ನು ತೆರೆದರೆ ಅಕ್ಷರ ಸಾಸಿವೆ ಕಾಳಿನಷ್ಟು. ಎರಡು ಬೆರಳಿನಿಂದ ಹಿಗ್ಗಿಸಿದರೆ ಸಾಲಿನ ಅರ್ಧ ಭಾಗ ಪರದೆಯಾಚೆ ಹೋಗುತ್ತದೆ. ಎಡಕ್ಕೆ ಎಳೆದು, ಬಲಕ್ಕೆ ಎಳೆದು ಓದುವ ಹೊತ್ತಿಗೆ ಸಾಲಿನ ಮೊದಲಲ್ಲಿ ಏನಿತ್ತೆಂಬುದೇ ಮರೆತಿರುತ್ತದೆ. ತಪ್ಪು ಫೋನಿನದಲ್ಲ, ಕನ್ನಡದ್ದೂ ಅಲ್ಲ. ಬಹುತೇಕ ಸಲ ಪುಟದ ತಲೆಭಾಗದಲ್ಲಿ ಇರಬೇಕಾದ ಒಂದು ಸಾಲು ಅಲ್ಲಿರುವುದಿಲ್ಲ, ಅಷ್ಟೇ.

980ರ ಲೆಕ್ಕ

2007ರಲ್ಲಿ ಆಪಲ್ ಕಂಪನಿಯ ಐಫೋನ್ ಬಂತು. ಅದರ ಪರದೆಯ ಅಗಲ 320 ಪಿಕ್ಸೆಲ್. ಆಗಿನ ಜಾಲತಾಣಗಳೆಲ್ಲ ದೊಡ್ಡ ಕಂಪ್ಯೂಟರಿಗಾಗಿ ಹೆಣೆದವು. ಅವನ್ನು ಹಾಗೇ ತೋರಿಸಿದರೆ ಪುಟದ ಮೂಲೆ ಮಾತ್ರ ಕಾಣುತ್ತಿತ್ತು. ಹಾಗಾಗಿ ಆಪಲ್‌ನವರು ಒಂದು ಉಪಾಯ ಮಾಡಿದರು. ಅದರ ಸಫಾರಿ ಬ್ರೌಸರು ತನ್ನ ಅಗಲ 980 ಪಿಕ್ಸೆಲ್ ಎಂದು ಪುಟಕ್ಕೆ ಸುಳ್ಳು ಹೇಳುತ್ತದೆ. ಪುಟ ಅದನ್ನು ನಂಬಿ 980ರ ಅಗಲಕ್ಕೆ ಹರಡಿಕೊಳ್ಳುತ್ತದೆ. ಆಮೇಲೆ ಬ್ರೌಸರು ಇಡೀ ಪುಟವನ್ನು ಕುಗ್ಗಿಸಿ ಪುಟ್ಟ ಪರದೆಯಲ್ಲಿ ಕೂರಿಸುತ್ತದೆ. ನಂತರ ಬಂದ ಆಂಡ್ರಾಯ್ಡ್ ಫೋನುಗಳೂ ಇದೇ ದಾರಿ ಹಿಡಿದವು.

ಪುಟ ಹರಡಿಕೊಳ್ಳುವ ಈ ಚೌಕಟ್ಟಿಗೆ 'ವ್ಯೂಪೋರ್ಟ್' ಎಂದು ಹೆಸರು. ಅದರ ಅಗಲವನ್ನು ಪುಟ ಬರೆಯುವವರೇ ನಿರ್ಧರಿಸಲಿ ಎಂದು ಆಪಲ್‌ನವರೇ ಒಂದು ಸೂಚನಾ ಸಾಲನ್ನೂ ಕೊಟ್ಟರು. ಆ ಸಾಲು ಇಲ್ಲದಿದ್ದರೆ ಹಳೆಯ ಸುಳ್ಳೇ ನಡೆಯುತ್ತದೆ.

ಲೆಕ್ಕ ಹಾಕಿ ನೋಡಿ. ಇಂದಿನ ಅನೇಕ ಆಂಡ್ರಾಯ್ಡ್ ಫೋನುಗಳ ಅಗಲ, ಬ್ರೌಸರಿನ ಅಳತೆಯಲ್ಲಿ, ಸುಮಾರು 360 ಪಿಕ್ಸೆಲ್. (ಫೋನಿನ ಡಬ್ಬಿಯ ಮೇಲೆ 1080 ಎಂದಿರಬಹುದು. ಅದು ಪರದೆಯ ನಿಜ ಚುಕ್ಕೆಗಳ ಎಣಿಕೆ. ಮೂರು ಚುಕ್ಕೆ ಸೇರಿ ಬ್ರೌಸರಿನ ಒಂದು ಪಿಕ್ಸೆಲ್ ಆದರೆ ಸಿಗುವುದು 360.) ಪುಟದಲ್ಲಿ 16 ಪಿಕ್ಸೆಲ್ ಎಂದು ಬರೆದ ಅಕ್ಷರ 980ರಿಂದ 360ಕ್ಕೆ ಕುಗ್ಗಿದಾಗ 6 ಪಿಕ್ಸೆಲ್ಲಿಗೂ ಕಡಿಮೆಯಾಗುತ್ತದೆ. ಆ ಗಾತ್ರದಲ್ಲಿ ಇಂಗ್ಲಿಷಿನ ಬಿಡಿ ಅಕ್ಷರವನ್ನಾದರೂ ಊಹಿಸಬಹುದು. ನಮ್ಮ 'ರಾಷ್ಟ್ರ', 'ಲಕ್ಷ್ಮಿ', 'ಜ್ಯೋತ್ಸ್ನಾ' ಗತಿಯೇನು? ಒತ್ತಕ್ಷರದ ಕೆಳಗೆ ಒತ್ತಕ್ಷರ ಸೇರಿ ಎಲ್ಲ ಒಂದೇ ಮುದ್ದೆ.

ಆ ಒಂದು ಸಾಲು

ರೇಡಿಯೋದಲ್ಲಿ ಓದಿದಂತೆ ಹೇಳುವುದಾದರೆ ಅದು ಹೀಗೆ: ಮೆಟಾ, ನೇಮ್ ಎಂದರೆ ವ್ಯೂಪೋರ್ಟ್, ಕಂಟೆಂಟ್ ಎಂದರೆ ವಿಡ್ತ್ ಸಮ ಡಿವೈಸ್-ವಿಡ್ತ್, ಅಲ್ಪವಿರಾಮ, ಇನಿಶಿಯಲ್-ಸ್ಕೇಲ್ ಸಮ 1. ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಎಚ್‌ಟಿಎಂಎಲ್ ಪುಟದ 'ಹೆಡ್' ಭಾಗದೊಳಗೆ ಬರೆಯಬೇಕು. ಮೊದಲ ಅರ್ಧದ ಅರ್ಥ, "ಸುಳ್ಳು ಬೇಡ, ಫೋನಿನ ನಿಜವಾದ ಅಗಲವನ್ನೇ ಹಿಡಿ". ಎರಡನೆಯ ಅರ್ಧದ ಅರ್ಥ, "ತೆರೆದ ಕೂಡಲೇ ಕುಗ್ಗಿಸಬೇಡ, ಹಿಗ್ಗಿಸಲೂ ಬೇಡ".

ಇಷ್ಟು ಬರೆದರೆ 16 ಪಿಕ್ಸೆಲ್ ಅಕ್ಷರ 16 ಆಗಿಯೇ ಕಾಣುತ್ತದೆ. ಸಾಲುಗಳು ಪರದೆಯ ಅಗಲಕ್ಕೆ ತಾವೇ ಮುರಿದುಕೊಳ್ಳುತ್ತವೆ.

ಆದರೆ ಈ ಸಾಲು ಮಂತ್ರವಲ್ಲ. ಪುಟದೊಳಗೆ 900 ಪಿಕ್ಸೆಲ್ ಅಗಲದ ಕೋಷ್ಟಕವನ್ನೋ ಚಿತ್ರವನ್ನೋ ಕಟ್ಟಿಹಾಕಿದ್ದರೆ ಅದು ಆಗಲೂ ಹೊರಚಾಚುತ್ತದೆ. ಸೂರತ್ತಿನವರೊಬ್ಬರು ಅಹಮದಾಬಾದಿನ ಕಾರ್ಯಕ್ರಮಕ್ಕೆ ಹೊರಟಿದ್ದಾರೆ ಎನ್ನಿ. ಕೋಷ್ಟಕದಲ್ಲಿ ದಿನಾಂಕ ಎಡಗಡೆ ಕಾಣುತ್ತದೆ, ಸಭಾಂಗಣದ ವಿಳಾಸ ಬಲಗಡೆ ಪರದೆಯಾಚೆ ಉಳಿಯುತ್ತದೆ. ಅವರು ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು? ಆದ್ದರಿಂದ ಜೊತೆಗೆ ಇಷ್ಟನ್ನು ಮಾಡಿ:

1. ಅಗಲವನ್ನು ಪಿಕ್ಸೆಲ್ಲಿನಲ್ಲಿ ಬಿಗಿಯದೆ ಶೇಕಡಾ ಲೆಕ್ಕದಲ್ಲಿ ಕೊಡಿ. ಚಿತ್ರಗಳಿಗೆ 'ಮ್ಯಾಕ್ಸ್-ವಿಡ್ತ್' ಶೇ. 100 ಎಂದು ಬರೆಯಿರಿ.

2. ಕೋಷ್ಟಕ ಬಿಟ್ಟು ದಿನಾಂಕ, ಸಮಯ, ಸ್ಥಳಗಳನ್ನು ಒಂದರ ಕೆಳಗೊಂದು ಬರೆಯಿರಿ.

3. ಕನ್ನಡಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. 'ಲೈನ್-ಹೈಟ್' 1.6ರ ಸುತ್ತಮುತ್ತ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದಿಲ್ಲ.

4. ಸಂಧಿ ಸಮಾಸ ಸೇರಿದರೆ ನಮ್ಮ ಪದಗಳು ರೈಲಿನಂತೆ ಉದ್ದ. ದೊಡ್ಡ ಅಕ್ಷರದ ಶೀರ್ಷಿಕೆಯಲ್ಲಿ 'ಸುವರ್ಣಮಹೋತ್ಸವಾಚರಣೆಯ' ಎಂಬ ಒಂದೇ ಪದ ಪರದೆ ದಾಟಬಹುದು. ಪದ ಬಿಡಿಸಿ ಬರೆಯಿರಿ, ಇಲ್ಲವೇ 'ಓವರ್‌ಫ್ಲೋ-ರ‍್ಯಾಪ್' ಸೂಚನೆ ಕೊಡಿ.

5. ಇಡೀ ಆಮಂತ್ರಣವನ್ನು ಚಿತ್ರವಾಗಿ ಹಾಕಬೇಡಿ. ಚಿತ್ರದೊಳಗಿನ ಸಾಲು ಪರದೆಗೆ ತಕ್ಕಂತೆ ಮುರಿಯುವುದಿಲ್ಲ. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದೂ ಫೋನಿನಲ್ಲಿ ಗೀಚಿದಂತೆ ಕಾಣುತ್ತದೆ. ಯೂನಿಕೋಡಿನಲ್ಲೇ ಬರೆಯಿರಿ. 2012ರ ಆಂಡ್ರಾಯ್ಡ್ 4.1ರಿಂದಲೇ ಅದರಲ್ಲಿ ಕನ್ನಡಕ್ಕೆ ಬೆಂಬಲವಿದೆ.

ಪರದೆ ಎಷ್ಟೇ ಇರಲಿ, ಒಂದೇ ಪುಟ ಅದಕ್ಕೆ ತಕ್ಕಂತೆ ಹೊಂದಿಕೊಳ್ಳಬೇಕು ಎಂಬ ಈ ಪದ್ಧತಿಗೆ 2010ರಲ್ಲಿ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಎಂದು ಹೆಸರಿಟ್ಟವರು ಅಮೆರಿಕದ ಈಥನ್ ಮಾರ್ಕಾಟ್. 2015ರ ಏಪ್ರಿಲ್ 21ರಿಂದ ಗೂಗಲ್ ಕೂಡ ಮೊಬೈಲಿನ ಹುಡುಕಾಟದಲ್ಲಿ ಇಂಥ ಪುಟಗಳಿಗೆ ಆದ್ಯತೆ ಕೊಡತೊಡಗಿತು.

ಬೀಗ ಹಾಕಬೇಡಿ

ಈಗ ಮುಖ್ಯವಾದ ಮಾತು. ಕೆಲವರು ಅದೇ ಸಾಲಿಗೆ ಇನ್ನೆರಡು ತುಂಡು ಸೇರಿಸುತ್ತಾರೆ: 'ಮ್ಯಾಕ್ಸಿಮಮ್-ಸ್ಕೇಲ್ ಸಮ 1', 'ಯೂಸರ್-ಸ್ಕೇಲಬಲ್ ಸಮ ನೋ'. ಅಂದರೆ ಓದುವವರು ಬೆರಳಿನಿಂದ ಹಿಗ್ಗಿಸಲಾಗದಂತೆ ಬೀಗ. ಪುಟದ ಅಂದ ಕೆಡಬಾರದು ಎಂಬುದು ಅವರ ಕಾಳಜಿ. ಆದರೆ ಅಂದ ಯಾರಿಗಾಗಿ?

ಧಾರವಾಡದಿಂದ ಮಗಳ ಮನೆಗೆಂದು ವಡೋದರಕ್ಕೆ ಬಂದ ಅಜ್ಜಿಯನ್ನು ನೆನೆಯಿರಿ. ಅಕ್ಕಪಕ್ಕದಲ್ಲಿ ಗುಜರಾತಿ, ಟಿವಿಯಲ್ಲಿ ಹಿಂದಿ. ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ಆಕೆಗೆ ಕನ್ನಡವೆಂದರೆ ಆ ಫೋನು. ಕಣ್ಣಿಗೆ ಪೊರೆ ಬಂದಿದ್ದರೆ 16 ಪಿಕ್ಸೆಲ್ ಕೂಡ ಸಾಲದು. ಆಕೆಗೆ ಗೊತ್ತಿರುವ ಒಂದೇ ಉಪಾಯ ಬೆರಳಿನಿಂದ ಹಿಗ್ಗಿಸುವುದು. ಅದಕ್ಕೂ ಬೀಗ ಬಿದ್ದರೆ ಆಕೆ ಯಾರಿಗೂ ದೂರು ಹೇಳುವುದಿಲ್ಲ, ಫೋನು ಕೆಳಗಿಟ್ಟು ಸುಮ್ಮನಾಗುತ್ತಾರೆ.

ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೂ ಪುಟ ಓದಲು ಬರಬೇಕು ಎಂಬುದು ಜಾಲತಾಣಗಳ ಅಂತರರಾಷ್ಟ್ರೀಯ ಸುಗಮತಾ ಮಾರ್ಗಸೂಚಿಯ ಮಾತು. 2016ರಲ್ಲಿ ಐಫೋನಿನ ಸಫಾರಿ ಈ ಬೀಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಂತೆ ಬದಲಾಯಿತು. ಎಲ್ಲ ಫೋನುಗಳೂ ಹಾಗಿಲ್ಲ. ಆದ್ದರಿಂದ ಆ ಎರಡು ತುಂಡುಗಳನ್ನು ನಿಮ್ಮ ಪುಟದಿಂದ ಇವತ್ತೇ ಅಳಿಸಿ.

ಪರೀಕ್ಷೆ ಮನೆಯಲ್ಲೇ

ಕಂಪ್ಯೂಟರಿನಲ್ಲಿ ಬ್ರೌಸರ್ ಕಿಟಕಿಯನ್ನು ಕಿರಿದಾಗಿಸಿದರೆ ಸಾಲುಗಳು ಮುರಿಯುತ್ತವೋ ಇಲ್ಲವೋ ತಿಳಿಯುತ್ತದೆ. ಆದರೆ ವ್ಯೂಪೋರ್ಟ್ ಸಾಲನ್ನು ಕಂಪ್ಯೂಟರು ಗಮನಿಸುವುದಿಲ್ಲ, ಅದರ ಪರೀಕ್ಷೆ ಫೋನಿನಲ್ಲೇ ಆಗಬೇಕು. ಫೋನನ್ನು ನೆಟ್ಟಗೆ ಹಿಡಿದು ನೋಡಿ, ಅಡ್ಡ ಹಿಡಿದು ನೋಡಿ, ಹಿಗ್ಗಿಸಿ ನೋಡಿ. ಕೊನೆಗೆ ಮನೆಯ ಅತಿ ಹಿರಿಯರ ಕೈಗೆ ಕೊಟ್ಟು, "ಕಾರ್ಯಕ್ರಮ ಯಾವತ್ತು, ಎಲ್ಲಿ, ಎಷ್ಟು ಗಂಟೆಗೆ?" ಎಂದು ಕೇಳಿ. ಅವರು ಯಾರ ಸಹಾಯವೂ ಇಲ್ಲದೆ ಉತ್ತರ ಹೇಳಿದರೆ ನಿಮ್ಮ ಪುಟ ಪಾಸು.

ಸಂಘದ ಜಾಲತಾಣ ನೋಡಿಕೊಳ್ಳುವ ಗೆಳೆಯರು ನಿಮ್ಮ ಪರಿಚಯದಲ್ಲಿದ್ದರೆ ಈ ಪುಟವನ್ನು ಅವರಿಗೆ ದಾಟಿಸಿ. ಕೆಲಸ ಐದು ನಿಮಿಷದ್ದು, ಓದುವವರು ವರ್ಷವಿಡೀ ನೆನೆಯುತ್ತಾರೆ. ಮತ್ತೆ ಸಿಗೋಣ, ಕೇಳುತ್ತಿರಿ, ಓದುತ್ತಿರಿ.