ಹತ್ತು ತಿಂಗಳ ಅಡ್ವಾನ್ಸ್: ಕಾಣದ ಬಾಡಿಗೆಯ ಲೆಕ್ಕ

2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೋ ಶುರುವಾಯಿತು. ಹಲಸೂರು, ಇಂದಿರಾನಗರದ ಕ್ರಾಸ್‌ಗಳಲ್ಲಿ ಈಗ ಹಳೆಯ ಒಂಟಿ ಮನೆ ಕೆಡವಿದ ಜಾಗದಲ್ಲಿ ಲಿಫ್ಟ್ ಇರುವ ಒನ್ ಬಿಎಚ್‌ಕೆಗಳು ಎದ್ದಿವೆ. ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಅಡ್ವಾನ್ಸ್‌ನ ಬೆಲೆ ಎಷ್ಟು ಅಂತ ಯಾರೂ ಕೇಳಲ್ಲ.

ನಾನು ಓದಿದ್ದು ಇಂಜಿನಿಯರಿಂಗ್, ಲೆಕ್ಕ ಹಾಕೋದು ಚಟ. ಬಾಡಿಗೆ 30,000 ಅಂದುಕೊಳ್ಳಿ. ಬೆಂಗಳೂರಿನ ಹಳೇ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಅಂದ್ರೆ 3 ಲಕ್ಷ. ಅದನ್ನು ಶೇ. 7ರ ಎಫ್‌ಡಿಯಲ್ಲಿಟ್ಟಿದ್ದರೆ ವರ್ಷಕ್ಕೆ 21,000 ಬಡ್ಡಿ. ಅಂದರೆ ನಿಮ್ಮ ನಿಜವಾದ ಬಾಡಿಗೆ 31,750. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದರೆ, ವರ್ಷಕ್ಕೇ ಬಿಟ್ಟವರಿಗೆ ತಿಂಗಳಿಗೆ ಇನ್ನೂ 2,500 ಸೇರುತ್ತೆ.

ಕಾನೂನು ಕಾಯಲ್ವಾ? ಕರ್ನಾಟಕ ಬಾಡಿಗೆ ಕಾಯ್ದೆ, 1999, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ಇಂಥ ಹೊಸ ಫ್ಲ್ಯಾಟ್ ಯಾವುದೂ ಅದರೊಳಗೆ ಬರಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಮಿತಿ ಹಾಕುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಒಪ್ಪಿ ಕಾನೂನು ಮಾಡಿದರಷ್ಟೇ ಜಾರಿ. ಹಾಗಾಗಿ ನಿಮ್ಮ 3 ಲಕ್ಷಕ್ಕೆ ಇರುವ ಮುಖ್ಯ ಕಾವಲು ಕರಾರು ಪತ್ರವೇ. ತಕರಾರಾದರೆ ಸಿವಿಲ್ ಕೋರ್ಟ್ ಅಲೆಯಬೇಕು.

ಸಹಿಗೆ ಮುಂಚೆ ಮೂರು ಸಾಲು ಬರೆಸಿ: ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್, ಪೇಂಟಿಂಗ್‌ಗೆ ಗರಿಷ್ಠ ಎಷ್ಟು, ಬೇರೆ ಕಡಿತಕ್ಕೆ ಬಿಲ್ ತೋರಿಸಬೇಕು. ಹಣ ಬ್ಯಾಂಕ್ ಮೂಲಕವೇ ಕೊಡಿ, ಬೀಗ ಪಡೆದ ದಿನವೇ ಗೋಡೆಗಳ ಫೋಟೋ ತೆಗೆಯಿರಿ. ಮಾಲೀಕರು ಒಪ್ಪದಿದ್ದರೆ, ಅಡ್ವಾನ್ಸ್ ಕೊಡುವ ಮೊದಲೇ ಗೊತ್ತಾಗಿದ್ದು ಲಾಭ.